ಪೊಟ್ಟಣ ಅದೇ, ಬೆಲೆ ಅದೇ. ಒಳಗಿನ ತೂಕ ಎಷ್ಟು?

ವೃತ್ತಿ ಪಾಠ: ಸಾಮಾನು ಪಟ್ಟಿಯನ್ನು ತೂಕದಲ್ಲಿ ಬರೆಯುವ ಕ್ರಮ

ನಾಗಪುರದಲ್ಲಿ ನಮ್ಮ ತಂಡ ಒಪ್ಪಿಕೊಂಡಿದ್ದ ಒಂದು ಉಪನಯನದ ಊಟದಿಂದ ಈ ಪಾಠವನ್ನು ಆರಂಭಿಸುತ್ತೇನೆ. ಒಟ್ಟು 300 ಎಲೆ. ಸಿಹಿಗೆ ಹೋಳಿಗೆಯ ಜೊತೆ ಶಾವಿಗೆ ಪಾಯಸ. ಎಲೆಯೊಂದಕ್ಕೆ 20 ಗ್ರಾಂ ಶಾವಿಗೆ ಎಂಬುದು ನಮ್ಮ ಲೆಕ್ಕ. 300 ಎಲೆಗೆ 6 ಕೆ.ಜಿ. ಆದರೆ ನಮ್ಮ ಹಳೆಯ ಪಟ್ಟಿಯಲ್ಲಿ ಬರೆದಿದ್ದದ್ದು ‘6 ಕೆ.ಜಿ.’ ಎಂದಲ್ಲ, ‘12 ಪ್ಯಾಕೆಟ್’ ಎಂದು. ಪಟ್ಟಿ ಬರೆದ ಕಾಲದಲ್ಲಿ ಒಂದು ಪ್ಯಾಕೆಟ್ ಎಂದರೆ ಅರ್ಧ ಕೆ.ಜಿ. ಎನ್ನುವುದರಲ್ಲಿ ಯಾರಿಗೂ ಅನುಮಾನವಿರಲಿಲ್ಲ.

ಇತವಾರಿಯ ಅಂಗಡಿಯಿಂದ 12 ಪ್ಯಾಕೆಟ್ ಬಂತು. ಬಣ್ಣ ಅದೇ, ಚಿತ್ರ ಅದೇ, ಬೆಲೆಯೂ ಅದೇ. ಉಗ್ರಾಣದವರು ಎಣಿಸಿ ಸರಿಯಿದೆ ಎಂದು ಗುರುತು ಹಾಕಿದರು. ಒಲೆಯ ಮೇಲೆ ಹಾಲು ಕುದಿದು ಶಾವಿಗೆ ಹಾಕಿದ ಮೇಲೆ ಪಾಯಸ ನೀರಾಗಿ ಕಂಡಿತು. ಉಳಿದ ಹಾಲನ್ನು ಭಟ್ಟರು ಹದ ನೋಡಿ ಹಾಕದೆ ಬಿಟ್ಟರು. ಹದವೇನೋ ಸರಿಯಾಯಿತು, ಪಾಯಸ ಮಾತ್ರ ಕೊನೆಯ ಪಂಕ್ತಿಗೆ ಸಾಲಲಿಲ್ಲ. ಮನೆಯ ಹಿರಿಯರು ಕೈ ತೊಳೆಯುವ ಜಾಗದಲ್ಲಿ ನನ್ನನ್ನು ನಿಲ್ಲಿಸಿ, “ಹಣವನ್ನು ನಾವು ಎಣಿಸಿ ಕೊಟ್ಟೆವು ಸರಿ, ಪಾಯಸವನ್ನೂ ನೀವು ಎಣಿಸಿ ಬಡಿಸಬೇಕಿತ್ತೇ?” ಎಂದರು. ಉತ್ತರ ಹೇಳಲು ನನ್ನ ಬಳಿ ಮಾತಿರಲಿಲ್ಲ.

ರಾತ್ರಿ ಪಾತ್ರೆಗಳನ್ನು ಲಾರಿಗೆ ಏರಿಸುವಾಗ ಕಸದ ಚೀಲದಿಂದ ಒಂದು ಖಾಲಿ ಪ್ಯಾಕೆಟ್ ತೆಗೆದು ಓದಿದೆ. ಸಣ್ಣ ಅಕ್ಷರದಲ್ಲಿ 430 ಗ್ರಾಂ ಎಂದಿತ್ತು. 12 ಪ್ಯಾಕೆಟ್‌ಗೆ 5 ಕೆ.ಜಿ. 160 ಗ್ರಾಂ. ಬೇಕಾಗಿದ್ದದ್ದು 6 ಕೆ.ಜಿ. ಕೊರತೆ 840 ಗ್ರಾಂ; ಎಲೆಗೆ 20 ಗ್ರಾಂನಂತೆ ಸರಿಯಾಗಿ 42 ಎಲೆ. ಅಂಗಡಿಯವರು ಮೋಸ ಮಾಡಿರಲಿಲ್ಲ. ತಯಾರಕರು ತೂಕವನ್ನು ಬರೆದೇ ಇದ್ದರು. ಓದದೇ ಇದ್ದವರು ನಾವು.

ಇದು ಕಾನೂನಿಗೆ ವಿರುದ್ಧವೇ?

ಮೊದಲು ಎರಡು ಸಂಗತಿಗಳನ್ನು ಬೇರೆ ಬೇರೆಯಾಗಿ ತಿಳಿಯಬೇಕು. ಪೊಟ್ಟಣದ ಮೇಲೆ 500 ಗ್ರಾಂ ಎಂದು ಬರೆದು ಒಳಗೆ 430 ಗ್ರಾಂ ತುಂಬಿದರೆ ಅದು ಅಪರಾಧ. 430 ಗ್ರಾಂ ಎಂದು ಬರೆದು 430 ಗ್ರಾಂ ತುಂಬಿ, ಹಳೆಯ ಬೆಲೆಗೇ ಮಾರಿದರೆ ಅಪರಾಧವಲ್ಲ. ನಮಗೆ ಹೆಚ್ಚಾಗಿ ಎದುರಾಗುವುದು ಈ ಎರಡನೆಯದು. ಹೊರದೇಶಗಳಲ್ಲಿ ಇದಕ್ಕೆ ಶ್ರಿಂಕ್‌ಫ್ಲೇಶನ್ ಎಂಬ ಹೆಸರಿದೆ. ತೂಕ ಕುಗ್ಗಿಸಿ ಬೆಲೆ ಏರಿಸುವುದು ಎಂದು ಅರ್ಥ ಮಾಡಿಕೊಂಡರೆ ಸಾಕು.

ಮೊದಲು ನಮ್ಮ ದೇಶದಲ್ಲಿ ಹಲವು ವಸ್ತುಗಳಿಗೆ ಪೊಟ್ಟಣದ ಅಳತೆಯನ್ನು ಸರ್ಕಾರವೇ ನಿಗದಿ ಮಾಡಿತ್ತು. 1977ರ ಪೊಟ್ಟಣ ಸರಕುಗಳ ನಿಯಮಗಳಲ್ಲೂ, ಅವುಗಳ ಬದಲಿಗೆ ಬಂದ 2011ರ ನಿಯಮಗಳಲ್ಲೂ ಇಂತಹ ಒಂದು ಪಟ್ಟಿ ಇತ್ತು. ಬಿಸ್ಕತ್ತು, ಚಹಾ, ಕಾಫಿ, ಖಾದ್ಯ ತೈಲ, ಹಾಲಿನ ಪುಡಿ, ಉಪ್ಪು, ಧಾನ್ಯ, ಹಿಟ್ಟು ಮೊದಲಾದವು ಅದರಲ್ಲಿ ಸೇರಿದ್ದವು. ಎಲ್ಲ ದಿನಸಿಯೂ ಆ ಪಟ್ಟಿಯಲ್ಲಿ ಇರಲಿಲ್ಲ. ಆದರೂ ಅರ್ಧ ಕೆ.ಜಿ., ಒಂದು ಕೆ.ಜಿ., ಎರಡು ಕೆ.ಜಿ. ಎಂಬ ರೂಢಿ ಮಾರುಕಟ್ಟೆಯಲ್ಲೆಲ್ಲ ನೆಲೆಯೂರಿತ್ತು. ನಮ್ಮ ಹಿರಿಯರ ಪಟ್ಟಿಗಳು ಹುಟ್ಟಿದ್ದು ಆ ರೂಢಿಯಲ್ಲಿ.

2021ರ ನವೆಂಬರ್‌ನಲ್ಲಿ ಹೊರಟ ತಿದ್ದುಪಡಿ ಆ ಪಟ್ಟಿಯನ್ನೇ ತೆಗೆದುಹಾಕಿತು. 2022ರಿಂದ ತಯಾರಕರು ತಮಗೆ ಬೇಕಾದ ತೂಕದಲ್ಲಿ ಪೊಟ್ಟಣ ಕಟ್ಟಬಹುದು. ಅದಕ್ಕೆ ಪ್ರತಿಯಾಗಿ ಅದೇ ತಿದ್ದುಪಡಿಯಲ್ಲಿ ಗ್ರಾಹಕರಿಗೆ ಒಂದು ಸಾಧನವನ್ನೂ ಕೊಟ್ಟಿದ್ದಾರೆ. ಪೊಟ್ಟಣದ ಮೇಲೆ ಒಂದು ಗ್ರಾಂಗೆ ಅಥವಾ ಒಂದು ಕೆ.ಜಿ.ಗೆ ಬೆಲೆ ಎಷ್ಟು ಎಂದು ಮುದ್ರಿಸಬೇಕು. ಇದರ ಜಾರಿಯ ದಿನ ಹಲವು ಸಲ ಮುಂದಕ್ಕೆ ಹೋಗಿ, 2024ರ ಜನವರಿ 1ರಿಂದ ಕಡ್ಡಾಯವಾಯಿತು. ಎಂಆರ್‌ಪಿಯ ಪಕ್ಕದಲ್ಲಿ ‘ಯು.ಎಸ್.ಪಿ.’ ಎಂಬ ಮೂರು ಅಕ್ಷರ ಕಂಡರೆ ಅದೇ ಈ ಏಕಮಾನ ಬೆಲೆ.

ಬೇರೆ ದೇಶಗಳು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿವೆ. ಫ್ರಾನ್ಸಿನಲ್ಲಿ 2024ರ ಜುಲೈ 1ರಿಂದ ದೊಡ್ಡ ಅಂಗಡಿಗಳು ತೂಕ ಇಳಿದ ಸರಕಿನ ಹತ್ತಿರ ಎರಡು ತಿಂಗಳ ಕಾಲ ಸೂಚನಾ ಫಲಕ ಇಡಬೇಕು. ದಕ್ಷಿಣ ಕೊರಿಯಾದಲ್ಲೂ 2024ರಲ್ಲಿ ಇಂತಹ ನಿಯಮ ಬಂತು. ನಮ್ಮಲ್ಲಿ ಫಲಕದ ಕೆಲಸವನ್ನು ನಮ್ಮ ಕಣ್ಣೇ ಮಾಡಬೇಕು.

ತೂಕ ಇಳಿದದ್ದು, ಬೆಲೆ ಏರಿದ್ದು: ಎರಡೂ ಒಂದೇ ಅಂಕಿ ಅಲ್ಲ

ನಮ್ಮಲ್ಲಿ ಹಲವರು ಇಲ್ಲಿ ತಪ್ಪುತ್ತಾರೆ. 500 ಗ್ರಾಂ 430 ಆದರೆ ತೂಕ ಶೇ. 14 ಇಳಿಯಿತು, ಆದ್ದರಿಂದ ಬೆಲೆ ಶೇ. 14 ಏರಿತು ಎಂದುಕೊಳ್ಳುತ್ತಾರೆ. ಇದು ಸರಿಯಲ್ಲ. ಹಳೆಯ ತೂಕವನ್ನು ಹೊಸ ತೂಕದಿಂದ ಭಾಗಿಸಿ, ಬಂದ ಉತ್ತರದಿಂದ 1 ಕಳೆದು, 100ರಿಂದ ಗುಣಿಸಬೇಕು.

500 ÷ 430 = 1.163. ಅಂದರೆ ಏರಿಕೆ ಶೇ. 16.3.

ಉದಾಹರಣೆಗೆ ಪ್ಯಾಕೆಟ್ 60 ರೂ. ಎಂದಿಟ್ಟುಕೊಳ್ಳಿ. ಮೊದಲು ಕೆ.ಜಿ.ಗೆ 120 ರೂ. ಬೀಳುತ್ತಿತ್ತು. ಈಗ ಬೀಳುವುದು 139 ರೂ. 53 ಪೈಸೆ. ಬಿಲ್ಲಿನಲ್ಲಿ ಬೆಲೆ ಏರಿದ್ದು ಕಾಣುವುದೇ ಇಲ್ಲ. ವರ್ಷದ ಕೊನೆಯಲ್ಲಿ ಲಾಭದಲ್ಲಿ ಮಾತ್ರ ಕಾಣುತ್ತದೆ.

2022ರ ಮೇ ತಿಂಗಳಲ್ಲಿ ಪತ್ರಿಕೆಗಳಲ್ಲಿ ಬಂದ ಎರಡು ಉದಾಹರಣೆಗಳನ್ನು ಇದೇ ಸೂತ್ರಕ್ಕೆ ಹಾಕಿ ನೋಡೋಣ. 10 ರೂ. ಬೆಲೆಯ ವಿಮ್ ಪಾತ್ರೆ ಸಾಬೂನು 155 ಗ್ರಾಂನಿಂದ 135 ಗ್ರಾಂಗೆ ಇಳಿದಿತ್ತು. ನಿಜವಾದ ಏರಿಕೆ ಶೇ. 14.8. 5 ರೂ. ಬೆಲೆಯ ಪಾರ್ಲೆ-ಜಿ ಬಿಸ್ಕತ್ತು 64 ಗ್ರಾಂನಿಂದ 55 ಗ್ರಾಂಗೆ ಇಳಿದಿತ್ತು. ನಿಜವಾದ ಏರಿಕೆ ಶೇ. 16.4. ಆ ವರ್ಷ ತಾಳೆ ಎಣ್ಣೆ, ಗೋಧಿ ಮತ್ತು ಇಂಧನದ ಬೆಲೆಗಳು ಏರಿದ್ದವು. 5 ಮತ್ತು 10 ರೂಪಾಯಿಯ ಬೆಲೆಯನ್ನು ಮುಟ್ಟಿದರೆ ಗಿರಾಕಿ ಕೈಬಿಡುತ್ತಾನೆ, ತೂಕ ಮುಟ್ಟಿದರೆ ಬಿಡುವುದಿಲ್ಲ ಎಂಬುದು ಕಂಪನಿಗಳ ಅನುಭವ.

ಯಾವಾಗಲೂ ಕುಗ್ಗುತ್ತದೆ ಎಂದೂ ತಿಳಿಯಬೇಡಿ

2022ರ ಜುಲೈ 18ರಿಂದ, ಬ್ರಾಂಡ್ ಇಲ್ಲದಿದ್ದರೂ ಸರಿ, ಮೊದಲೇ ಕಟ್ಟಿ ಲೇಬಲ್ ಹಾಕಿದ 25 ಕೆ.ಜಿ.ವರೆಗಿನ ಅಕ್ಕಿ, ಬೇಳೆ, ಹಿಟ್ಟುಗಳಿಗೆ ಶೇ. 5 ಜಿಎಸ್‌ಟಿ ಬಂತು. 25 ಕೆ.ಜಿ. ಮೀರಿದ ಮೂಟೆಗೆ ಈ ತೆರಿಗೆ ಇಲ್ಲ. ಪರಿಣಾಮವಾಗಿ ಕರ್ನಾಟಕದ ಗಿರಣಿಗಳೂ ಸೇರಿದಂತೆ ಹಲವು ಕಡೆ 26 ಕೆ.ಜಿ. ಅಕ್ಕಿ ಮೂಟೆ ಮಾರುಕಟ್ಟೆಗೆ ಬಂತು. ಇಲ್ಲಿ ಕಟ್ಟಾ ದೊಡ್ಡದಾಯಿತು.

ಇದು ನಮಗೆ ಮುಖ್ಯವಾದ ವಿಷಯ. ಶೇ. 5 ಜಿಎಸ್‌ಟಿ ಕಟ್ಟುವ ಕ್ಯಾಟರಿಂಗ್‌ನವರಿಗೆ ಖರೀದಿಯ ತೆರಿಗೆ ವಾಪಸು ಸಿಗುವುದಿಲ್ಲ. ಆದ್ದರಿಂದ ದಿನಸಿಯ ಮೇಲೆ ಕೊಟ್ಟ ತೆರಿಗೆ ಪೂರ್ತಿ ನಮ್ಮ ಖರ್ಚೇ. ಎರಡು ಮೂಟೆಗಳ ಬೆಲೆಯನ್ನು ಹೋಲಿಸುವಾಗ ತೆರಿಗೆ ಸೇರಿಸಿದ ಮೊತ್ತವನ್ನು ಕೆ.ಜಿ.ಗೆ ಭಾಗಿಸಿ ನೋಡಬೇಕು. ಹಾಗೆಯೇ ‘ಅಕ್ಕಿ – 2 ಮೂಟೆ’ ಎಂದು ಬರೆದರೆ ಅದು 50 ಕೆ.ಜಿ.ಯೋ 52 ಕೆ.ಜಿ.ಯೋ ಯಾರಿಗೂ ತಿಳಿಯದು. 30 ಕೆ.ಜಿ. ಮೂಟೆಗಳೂ ಇವೆ.

ಮತ್ತೆ 2025ರ ಸೆಪ್ಟೆಂಬರ್ 22ರಂದು ಜಿಎಸ್‌ಟಿ ದರಗಳು ಇಳಿದವು. ತುಪ್ಪ, ಬೆಣ್ಣೆ, ಕುರುಕಲು ತಿಂಡಿಗಳು ಶೇ. 12ರಿಂದ ಶೇ. 5ಕ್ಕೆ, ಬಿಸ್ಕತ್ತು ಶೇ. 18ರಿಂದ ಶೇ. 5ಕ್ಕೆ ಬಂದವು. ಆಗ 5, 10 ರೂಪಾಯಿಯ ಪೊಟ್ಟಣಗಳಲ್ಲಿ ಬೆಲೆ ಇಳಿಸುವ ಬದಲು ತೂಕ ಹೆಚ್ಚಿಸುವ ದಾರಿಯನ್ನು ಹಲವು ಕಂಪನಿಗಳು ಹಿಡಿದವು. ಹೀಗೆ ತೂಕ ಇಳಿಯುತ್ತದೆ, ಏರುತ್ತದೆ. ಯಾವ ಪ್ಯಾಕೆಟ್ ಎಷ್ಟು ಎಂದು ಬಾಯಿಪಾಠ ಮಾಡಿ ಪ್ರಯೋಜನವಿಲ್ಲ. ಪ್ರತಿ ಖರೀದಿಯಲ್ಲೂ ಓದುವುದೊಂದೇ ದಾರಿ.

ಎಣ್ಣೆ ಡಬ್ಬ: ಲೀಟರೋ, ಕೆ.ಜಿ.ಯೋ?

ನಮ್ಮ ಖರ್ಚಿನಲ್ಲಿ ಎಣ್ಣೆಯ ಪಾಲು ದೊಡ್ಡದು. ತಪ್ಪು ಆಗುವುದೂ ಇಲ್ಲೇ ಹೆಚ್ಚು. ಒಂದು ಲೀಟರ್ ಖಾದ್ಯ ತೈಲದ ತೂಕ ಸುಮಾರು 910 ಗ್ರಾಂ. ಆದ್ದರಿಂದ 15 ಲೀಟರ್ ಡಬ್ಬದಲ್ಲಿ ಇರುವುದು ಸುಮಾರು 13 ಕೆ.ಜಿ. 650 ಗ್ರಾಂ. 15 ಕೆ.ಜಿ. ಡಬ್ಬಕ್ಕೂ ಇದಕ್ಕೂ 1 ಕೆ.ಜಿ. 350 ಗ್ರಾಂ ವ್ಯತ್ಯಾಸ. ಎರಡು ಡಬ್ಬಗಳನ್ನು ಪಕ್ಕಪಕ್ಕದಲ್ಲಿ ಇಟ್ಟರೆ ಕಣ್ಣಿಗೆ ಹೆಚ್ಚು ಕಡಿಮೆ ಒಂದೇ.

ಉದಾಹರಣೆ ನೋಡಿ (ಬೆಲೆಗಳು ಲೆಕ್ಕಕ್ಕಾಗಿ ಮಾತ್ರ):

15 ಕೆ.ಜಿ. ಡಬ್ಬ – 2,100 ರೂ. – ಕೆ.ಜಿ.ಗೆ 140 ರೂ.
15 ಲೀಟರ್ ಡಬ್ಬ – 1,980 ರೂ. – ಕೆ.ಜಿ.ಗೆ 145 ರೂ.

120 ರೂ. ಉಳಿಯಿತು ಎಂದು ಸಂತೋಷಪಟ್ಟು ಎರಡನೆಯದನ್ನು ತಂದವರು ನಿಜವಾಗಿ ಕೆ.ಜಿ.ಗೆ 5 ರೂ. ಹೆಚ್ಚು ಕೊಟ್ಟಿದ್ದಾರೆ. ಪೂರಿ ಕರಿಯುವಾಗ ಸಂಜೆಯ ಹೊತ್ತಿಗೆ ಎಣ್ಣೆ ಸಾಲದೆ ಹತ್ತಿರದ ಅಂಗಡಿಯಿಂದ ಪೌಚ್ ತರಿಸುವುದೂ ಇದರಿಂದಲೇ.

ಪೌಚ್‌ಗಳ ಲೆಕ್ಕ ಇನ್ನೂ ಗೋಜಲು. ನಿಗದಿತ ಅಳತೆ ಹೋದ ಮೇಲೆ 910 ಗ್ರಾಂ ಜೊತೆಗೆ 870, 850, 800 ಗ್ರಾಂ ಪೌಚ್‌ಗಳೂ ಬಂದಿವೆ. ಗಿರಾಕಿಯ ಬಾಯಲ್ಲಿ ಎಲ್ಲವೂ ‘ಒಂದು ಲೀಟರ್ ಪ್ಯಾಕೆಟ್’. 910 ಗ್ರಾಂ ಪೌಚ್ 150 ರೂ., 850 ಗ್ರಾಂ ಪೌಚ್ 143 ರೂ. ಎಂದಾದರೆ ಅಗ್ಗವಾದದ್ದು ಮೊದಲನೆಯದೇ. ಅದು ಕೆ.ಜಿ.ಗೆ ಸುಮಾರು 165 ರೂ., ಎರಡನೆಯದು ಸುಮಾರು 168 ರೂ.

ಇದರಲ್ಲಿ ಉಷ್ಣಾಂಶದ ವಿಷಯವೂ ಇದೆ. ಎಣ್ಣೆ ಕಾದರೆ ಹಿಗ್ಗುತ್ತದೆ. ಒಂದು ಲೀಟರ್ ಸೋಯಾ ಎಣ್ಣೆ 21 ಡಿಗ್ರಿಯಲ್ಲಿ 919 ಗ್ರಾಂ ತೂಗಿದರೆ 60 ಡಿಗ್ರಿಯಲ್ಲಿ ಸುಮಾರು 893 ಗ್ರಾಂ ಮಾತ್ರ. ಕೆಲವು ತಯಾರಕರು ಲೇಬಲ್ ಮೇಲೆ 60 ಡಿಗ್ರಿ ಎಂದು ಬರೆದು ಅಷ್ಟು ಕಡಿಮೆ ತೂಕ ತುಂಬುತ್ತಿದ್ದರು. 2022ರ ಆಗಸ್ಟ್‌ನಲ್ಲಿ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ, ಉಷ್ಣಾಂಶವನ್ನು ಬರೆಯದೆ ಅಳತೆಯ ಜೊತೆ ಸರಿಯಾದ ತೂಕವನ್ನೂ ಬರೆಯಬೇಕೆಂದು ಸೂಚಿಸಿ 2023ರ ಜನವರಿ 15ರವರೆಗೆ ಸಮಯ ಕೊಟ್ಟಿತು. ನಾಗಪುರದ ಮೇ ತಿಂಗಳಲ್ಲಿ ಬಿಸಿಲು 45 ಡಿಗ್ರಿ ಮುಟ್ಟುತ್ತದೆ. ಮುಚ್ಚಿದ ಡಬ್ಬದಲ್ಲಿ ಎಣ್ಣೆ ಹಿಗ್ಗಿದರೂ ತೂಕ ಬದಲಾಗದು. ಬಿಡಿ ಎಣ್ಣೆಯನ್ನು ಅಳತೆ ಪಾತ್ರೆಯಲ್ಲಿ ಕೊಂಡರೆ ಮಾತ್ರ ಬೇಸಿಗೆಯಲ್ಲಿ ನಷ್ಟ. ಆದುದರಿಂದ ಎಣ್ಣೆ, ತುಪ್ಪ ಎರಡನ್ನೂ ಯಾವಾಗಲೂ ತೂಕದಲ್ಲಿ ಕೊಳ್ಳಿ, ತೂಕದಲ್ಲಿ ಬರೆಯಿರಿ. ತುಪ್ಪಕ್ಕೆ ಲೀಟರಿಗೆ ಸುಮಾರು 905 ಗ್ರಾಂ ಲೆಕ್ಕ ಇಟ್ಟುಕೊಳ್ಳಬಹುದು.

ತೂಕ ಸರಿ, ಒಳಗಿನದು?

ಕೆಲವು ವಸ್ತುಗಳಲ್ಲಿ ತೂಕ ಬದಲಾಗದೆ ಸತ್ವ ಕುಗ್ಗುತ್ತದೆ. ಕಾಫಿ ಪುಡಿಯೇ ಇದಕ್ಕೆ ಉದಾಹರಣೆ. ಚಿಕೋರಿ ಬೆರೆಸಿದ ಕಾಫಿಯಲ್ಲಿ ಕಾಫಿಯ ಪಾಲು ಶೇ. 51ಕ್ಕಿಂತ ಕಡಿಮೆ ಇರಬಾರದು, ಪ್ರಮಾಣವನ್ನು ಪೊಟ್ಟಣದ ಮೇಲೆ ಬರೆಯಬೇಕು ಎಂದು ಆಹಾರ ಸುರಕ್ಷತಾ ನಿಯಮ ಹೇಳುತ್ತದೆ. ಶೇ. 80 ಕಾಫಿ ಇದ್ದ ಪುಡಿ ಶೇ. 60ಕ್ಕೆ ಇಳಿದರೆ ಅರ್ಧ ಕೆ.ಜಿ. ಅರ್ಧ ಕೆ.ಜಿ.ಯೇ, ಡಿಕಾಕ್ಷನ್‌ನ ಗುಣ ಮಾತ್ರ ಹಿಂದಿನದಲ್ಲ. ಡಬ್ಬದ ಅನಾನಸಿನಲ್ಲಿ ಪಾಕ ಸೇರಿದ ತೂಕ ಬೇರೆ, ಪಾಕ ಬಸಿದ ಹಣ್ಣಿನ ತೂಕ ಬೇರೆ. ಕೇಸರಿಬಾತಿಗೆ ಬೇಕಾದದ್ದು ಬಸಿದ ತೂಕ.

ಪಟ್ಟಿಯನ್ನು ತಿದ್ದುವ ಕ್ರಮ

1. ಹಳೆಯ ಪಟ್ಟಿಯಲ್ಲಿ ‘ಪ್ಯಾಕೆಟ್, ಡಬ್ಬ, ಮೂಟೆ, ಬಾಟಲಿ, ಕಟ್ಟು’ ಎಂದಿರುವ ಕಡೆಯಲ್ಲೆಲ್ಲ ಕೆಂಪು ಗೆರೆ ಎಳೆಯಿರಿ. ಭಟ್ಟರ ಜೊತೆ ಕುಳಿತು ಅದರ ತೂಕ ಎಷ್ಟಿತ್ತು ಎಂದು ಕೇಳಿ ಬರೆಯಿರಿ. ಹಿರಿಯ ಭಟ್ಟರಿಗೆ ಇದು ನೆನಪಿರುತ್ತದೆ. ಅವರು ಇರುವಾಗಲೇ ಬರೆದಿಡುವುದು ಒಳ್ಳೆಯದು.

2. ಒಂದು ಎಲೆಗೆ ಎಷ್ಟು ಗ್ರಾಂ ಎಂಬುದೇ ಪಟ್ಟಿಯ ಬುಡವಾಗಲಿ. ಎಲೆಯ ಸಂಖ್ಯೆಯಿಂದ ಗುಣಿಸಿದರೆ ಒಟ್ಟು ತೂಕ. ಅದನ್ನು ಅಂದು ಸಿಗುವ ಪೊಟ್ಟಣದ ತೂಕದಿಂದ ಭಾಗಿಸಿದರೆ ಎಷ್ಟು ಪ್ಯಾಕೆಟ್ ಎಂಬುದು ಬರುತ್ತದೆ. ಭಿನ್ನರಾಶಿ ಬಂದರೆ ಮೇಲಿನ ಅಂಕಿಗೆ ಏರಿಸಿ. ಮೇಲಿನ 6 ಕೆ.ಜಿ. ಶಾವಿಗೆಗೆ 430 ಗ್ರಾಂನ 14 ಪ್ಯಾಕೆಟ್ ಬೇಕಿತ್ತು.

3. ಯು.ಎಸ್.ಪಿ. ಓದುವಾಗ ಎಚ್ಚರ. ಒಂದು ಕೆ.ಜಿ.ಗಿಂತ ಕಡಿಮೆ ತೂಕದ ಪೊಟ್ಟಣದಲ್ಲಿ ಗ್ರಾಂಗೆ ಬೆಲೆ, ಹೆಚ್ಚಿನದರಲ್ಲಿ ಕೆ.ಜಿ.ಗೆ ಬೆಲೆ ಇರುತ್ತದೆ. 900 ಗ್ರಾಂ ಪೊಟ್ಟಣದ ಮೇಲೆ ‘0.15’ ಎಂದಿದ್ದರೆ ಸಾವಿರದಿಂದ ಗುಣಿಸಿ 150 ರೂ. ಎಂದು ತಿಳಿಯಬೇಕು. ಪಕ್ಕದ 2 ಕೆ.ಜಿ. ಪೊಟ್ಟಣದ ಮೇಲೆ ‘145’ ಎಂದಿದ್ದರೆ ಅದೇ ಅಗ್ಗ.

4. ಹೋಟೆಲು, ಕ್ಯಾಟರಿಂಗ್‌ಗೆಂದೇ ಬರುವ, ಚಿಲ್ಲರೆ ಮಾರಾಟಕ್ಕಲ್ಲ ಎಂದು ಬರೆದ ದೊಡ್ಡ ಪೊಟ್ಟಣಗಳಿಗೆ ಎಂಆರ್‌ಪಿ ಮತ್ತು ಯು.ಎಸ್.ಪಿ. ನಿಯಮ ಅನ್ವಯಿಸುವುದಿಲ್ಲ. ದೊಡ್ಡ ಪೊಟ್ಟಣ ಎಂದರೆ ಅಗ್ಗ ಎಂದು ನಂಬದೆ ಅದರ ಕೆ.ಜಿ. ಬೆಲೆಯನ್ನು ನೀವೇ ಹಾಕಿ ನೋಡಿ.

5. ಉಗ್ರಾಣದಲ್ಲಿ ಎಣಿಕೆಯ ಜೊತೆ ತೂಕವೂ ದಾಖಲಾಗಲಿ. ‘ಶಾವಿಗೆ 12’ ಎಂದಲ್ಲ, ‘ಶಾವಿಗೆ 12 × 430 = 5.16 ಕೆ.ಜಿ.’ ಎಂದು ಬರೆಯಲಿ. ಇದೊಂದು ಅಭ್ಯಾಸ ಇದ್ದಿದ್ದರೆ ಆ 42 ಎಲೆಗೆ ಪಾಯಸ ಬೀಳುತ್ತಿತ್ತು.

6. ಪ್ರತಿ ಸರಬರಾಜಿನಲ್ಲಿ ಒಂದೆರಡು ಪೊಟ್ಟಣ ತೂಗಿ ನೋಡಿ. ಯಂತ್ರದ ತುಂಬುವಿಕೆಯಲ್ಲಿ ಅಲ್ಪ ವ್ಯತ್ಯಾಸಕ್ಕೆ ನಿಯಮದಲ್ಲೇ ಅವಕಾಶವಿದೆ. 500 ಗ್ರಾಂನಿಂದ 1 ಕೆ.ಜಿ.ವರೆಗೆ 15 ಗ್ರಾಂ, 300ರಿಂದ 500 ಗ್ರಾಂವರೆಗೆ ಶೇ. 3. ಅದಕ್ಕಿಂತ ಕಡಿಮೆ ಬಂದರೆ, ಅಥವಾ ಎಲ್ಲ ಪೊಟ್ಟಣಗಳೂ ಒಂದೇ ಸಮನೆ ಕಡಿಮೆ ತೂಗಿದರೆ, ಪೊಟ್ಟಣ ಒಡೆಯದೆ ಬಿಲ್ಲಿನ ಸಹಿತ ದೂರು ಕೊಡಿ. ಮಹಾರಾಷ್ಟ್ರದಲ್ಲಿ ವೈಧಮಾಪನಶಾಸ್ತ್ರ ವಿಭಾಗ, ಕರ್ನಾಟಕದಲ್ಲಿ ಕಾನೂನು ಮಾಪನಶಾಸ್ತ್ರ ಇಲಾಖೆ ಇದನ್ನು ನೋಡಿಕೊಳ್ಳುತ್ತವೆ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ ಸಂಖ್ಯೆ 1915.

ನಮ್ಮ ಎಲೆಯ ಮೇಲಿನ ತೂಕ

ಕೊನೆಯದಾಗಿ ನಮ್ಮನ್ನು ನಾವೇ ಕೇಳಿಕೊಳ್ಳಬೇಕಾದ ಒಂದು ಪ್ರಶ್ನೆ ಇದೆ. ಆರು ತಿಂಗಳ ಮುಂಚೆ ಎಲೆಗೆ ಇಷ್ಟು ಎಂದು ಒಪ್ಪಿರುತ್ತೇವೆ. ದಿನಸಿ ಕುಗ್ಗುತ್ತದೆ, ಬೆಲೆ ಏರುತ್ತದೆ. ಆಗ ಎದುರಿಗೆ ಕಾಣುವ ಸುಲಭದ ದಾರಿ ಯಾವುದು? ವಡೆಯ ಹಿಟ್ಟು 45 ಗ್ರಾಂನಿಂದ 38 ಗ್ರಾಂ ಆಗುತ್ತದೆ. ಪಾಯಸದ ಸೌಟು ಚಿಕ್ಕದಾಗುತ್ತದೆ. ಹೋಳಿಗೆಯ ಹೂರಣ ತೆಳುವಾಗುತ್ತದೆ. ಪೊಟ್ಟಣದ ಕಂಪನಿಯಾದರೂ ಹೊಸ ತೂಕವನ್ನು ಸಣ್ಣ ಅಕ್ಷರದಲ್ಲಿ ಬರೆದಿರುತ್ತದೆ. ನಮ್ಮ ವಡೆಯ ಮೇಲೆ ಅದೂ ಇರುವುದಿಲ್ಲ. ಅದೇ ಸೂತ್ರ ಹಾಕಿದರೆ 45 ÷ 38. ಉಣ್ಣುವವರ ಮೇಲೆ ಶೇ. 18ರಷ್ಟು ಹೇಳದ ಏರಿಕೆ.

ನಾಗಪುರದಂತಹ ಊರಿನಲ್ಲಿ ನಮ್ಮವರ ಮನೆಗಳು ಕಡಿಮೆ, ಎಲ್ಲರೂ ಎಲ್ಲರ ಮನೆಯ ಊಟಕ್ಕೆ ಹೋಗುವವರೇ. ಒಂದು ಪಂಕ್ತಿಯಲ್ಲಿ ಪಾಯಸ ಸಾಲಲಿಲ್ಲ ಎಂಬ ಮಾತು ಮುಂದಿನ ಮುಹೂರ್ತದೊಳಗೆ ಊರೆಲ್ಲ ತಿರುಗಿ ಬರುತ್ತದೆ. ಆ ಉಪನಯನದ ನಂತರ ನಾವು ಕೊಡುವ ಅಂದಾಜು ಪತ್ರದಲ್ಲಿ ಮೂರು ಸಾಲು ಸೇರಿಸಿದ್ದೇವೆ: ವಡೆ, ಹೋಳಿಗೆ, ಪಾಯಸಗಳ ತೂಕ ಎಲೆಗೆ ಎಷ್ಟು, ಅಂದಾಜಿನ ಬೆಲೆ ಎಷ್ಟು ದಿನ ಊರ್ಜಿತ, ಎಣ್ಣೆ, ತುಪ್ಪ, ಬೇಳೆಗಳ ಕೆ.ಜಿ. ಬೆಲೆ ಒಂದು ಮಿತಿ ಮೀರಿದರೆ ಎರಡೂ ಕಡೆಯವರು ಮತ್ತೆ ಕುಳಿತು ಮಾತಾಡುವುದು. ಆರಂಭದಲ್ಲಿ ಗಿರಾಕಿಗಳು ಹುಬ್ಬೇರಿಸಿದರು. ಆದರೆ ಬೆಲೆ ಏರಿಸಿ ಎಂದು ಕೇಳುವುದರಲ್ಲಿ ಅವಮಾನವಿಲ್ಲ. ಹೇಳದೆ ಸೌಟು ಚಿಕ್ಕದು ಮಾಡುವುದರಲ್ಲಿ ಇದೆ.

ಅಭ್ಯಾಸ

ಉಗ್ರಾಣದ ಹುಡುಗರನ್ನು ಕೂರಿಸಿ ಮಾಡಿಸಿ. (ಬೆಲೆಗಳು ಲೆಕ್ಕಕ್ಕಾಗಿ ಮಾತ್ರ.)

1. 54 ರೂ. ಬೆಲೆಯ 1 ಕೆ.ಜಿ. ರವೆ ಪೊಟ್ಟಣ ಅದೇ ಬೆಲೆಗೆ 900 ಗ್ರಾಂ ಆಯಿತು. ಈಗ ಕೆ.ಜಿ.ಗೆ ಎಷ್ಟು? ಏರಿಕೆ ಶೇಕಡ ಎಷ್ಟು?

2. 400 ಎಲೆಗೆ ಕೇಸರಿಬಾತು. ಎಲೆಗೆ 30 ಗ್ರಾಂ ರವೆ. 900 ಗ್ರಾಂನ ಎಷ್ಟು ಪೊಟ್ಟಣ ಬೇಕು?

3. ತುಪ್ಪ 15 ಲೀಟರ್ ಡಬ್ಬ 8,550 ರೂ.; 15 ಕೆ.ಜಿ. ಡಬ್ಬ 9,300 ರೂ. ಯಾವುದು ಅಗ್ಗ?

ಉತ್ತರಗಳು: (1) ಕೆ.ಜಿ.ಗೆ 60 ರೂ.; ಏರಿಕೆ ಶೇ. 11.1. (2) ಬೇಕಾದದ್ದು 12 ಕೆ.ಜಿ.; 13 ಪೊಟ್ಟಣ ಸಾಲದು, 14 ಬೇಕು. (3) 15 ಲೀಟರ್ ತುಪ್ಪದ ತೂಕ ಸುಮಾರು 13 ಕೆ.ಜಿ. 575 ಗ್ರಾಂ, ಕೆ.ಜಿ.ಗೆ ಸುಮಾರು 630 ರೂ. 15 ಕೆ.ಜಿ. ಡಬ್ಬ ಕೆ.ಜಿ.ಗೆ 620 ರೂ.; ಅದೇ ಅಗ್ಗ.

ಮುಂದಿನ ಮುಹೂರ್ತದ ಸಾಮಾನು ತರಲು ಹೊರಡುವ ಮುನ್ನ ಸದಸ್ಯರು ತಮ್ಮ ಹಳೆಯ ಪಟ್ಟಿಯನ್ನು ಒಮ್ಮೆ ಕೆಂಪು ಪೆನ್ನು ಹಿಡಿದು ಓದಬೇಕಾಗಿ ವಿನಂತಿ.